ಅರ್ಥಿಂಗ್ ಗುಂಡಿ ಬೇಡವೆಂದ ಅತ್ತೆಗೆ

ಅತ್ತೆ,

"ಪೂಜ್ಯ ಅತ್ತೆಯವರಿಗೆ" ಎಂದು ಬರೆದು ಹೊಡೆದುಹಾಕಿದೆ. ಬದುಕಿದ್ದಾಗ ನೀವು ನನಗೆ ಒಂದು ಮಾತನ್ನೂ ಪೂರ್ತಿ ಆಡಲು ಬಿಡಲಿಲ್ಲ. ಈಗ ನಡುವೆ ಬಾಯಿ ಹಾಕಲು ನಿಮ್ಮಿಂದ ಆಗುವುದಿಲ್ಲವಲ್ಲ, ಪೂರ್ತಿ ಹೇಳುತ್ತೇನೆ, ಕೇಳಿ.

ಸೋಲಾರ್ ಹಾಕಿಸಿದ ದಿನ ನೆನಪಿದೆಯೇ? ತಾರಸಿಯ ಮೇಲೆ ಪ್ಯಾನೆಲ್ ಕೂರಿಸಿದ ಮೇಲೆ, ಅವುಗಳನ್ನು ಹೊತ್ತ ಕಬ್ಬಿಣದ ಪೈಪುಗಳಿಂದ ಒಂದು ತಂತಿ ಇಳಿಸಿ, ಅಂಗಳದಲ್ಲಿ ಅರ್ಥಿಂಗ್ ಗುಂಡಿ ತೋಡಲು ಕೆಲಸದವರು ಗುದ್ದಲಿ ಹಿಡಿದು ನಿಂತರು. ದುರ್ಗಿಗುಡಿಯ ನಮ್ಮ ಮನೆಗೆ ಅಂಗಳ ಅಂತ ಇರುವುದೇ ತುಳಸಿಕಟ್ಟೆಯ ಸುತ್ತ ಒಂದಿಷ್ಟು ಮಣ್ಣು. "ಗುಂಡಿಗೆ ಉಪ್ಪು, ಇದ್ದಿಲು ಹಾಕ್ತೀವಮ್ಮ. ಎಲ್ಲಾದ್ರೂ ಕರೆಂಟ್ ಸೋರಿದ್ರೆ ಮೈಗೆ ಹೊಡೀದೆ ಮಣ್ಣಿಗೆ ಇಳೀಲಿ ಅಂತ" ಎಂದ ಮೇಸ್ತ್ರಿ. ನೀವು ಕಟ್ಟೆಗೆ ಅಡ್ಡ ನಿಂತಿರಿ. "ತುಳಸಿ ಬುಡಕ್ಕೆ ಉಪ್ಪಾ? ನನ್ನ ಹೆಣ ಬಿದ್ಮೇಲೆ ತೋಡ್ಕೊಳ್ರಿ." ನಿಮ್ಮ ಮಗ ತಲೆ ತಗ್ಗಿಸಿದರು. ತಂತಿಯನ್ನು ಸುರುಳಿ ಸುತ್ತಿ ತಾರಸಿಯ ಮೂಲೆಗೆ ಹಾಕಿ ಕೆಲಸದವರು ಹೊರಟುಹೋದರು.

ಬಟ್ಟೆ ಹರವುವಾಗ ಆ ಪೈಪಿಗೆ ಕೈ ತಾಗಿ ನನಗೆ ಮೊದಲ ಸಲ ಜುಮ್ಮೆಂದಾಗ ಓಡಿ ಬಂದು ನಿಮಗೇ ಹೇಳಿದೆ. "ಮೇಲೆ ಬಟ್ಟೆ ಹಾಕೋ ಕೆಲ್ಸ ತಪ್ಪಿಸ್ಕೊಳಕ್ಕೆ ಹೊಸ ನಾಟ್ಕ" ಎಂದಿರಿ. ನಿಮ್ಮ ಮಗನಿಗೆ ಹೇಳಿದರೆ ಅವರದು ಬೇರೆಯೇ ತಲೆನೋವು. ಕರೆಂಟ್ ಸೋರಿದರೆ ತಾನಾಗಿ ಬೀಳುವ ಟ್ರಿಪ್ ಸ್ವಿಚ್ಚು ಇಬ್ಬನಿ ಬಿದ್ದ ಬೆಳಿಗ್ಗೆಯೆಲ್ಲ ಬೀಳುತ್ತಿತ್ತು, ಬಿದ್ದಾಗ ಸೋಲಾರ್ ನಿಲ್ಲುತ್ತಿತ್ತು. "ಸುಮ್‌ಸುಮ್ನೆ ಬೀಳುತ್ತೆ ದರಿದ್ರದ್ದು" ಎಂದು ಅವರು ಯಾರನ್ನೋ ಕರೆಸಿ, ಸ್ವಿಚ್ಚನ್ನು ಬಿಟ್ಟು ನೇರ ವೈರು ಕೊಡಿಸಿದರು. ಸುಮ್ಮನೆ ಬೀಳುತ್ತಿತ್ತೇ ಅದು? ನನ್ನ ಮಾತನ್ನೇ ಅದೂ ಹೇಳುತ್ತಿತ್ತು. ನನ್ನ ಬಾಯನ್ನು ನೀವು ಮುಚ್ಚಿಸಿದಿರಿ, ಅದರದ್ದನ್ನು ನಿಮ್ಮ ಮಗ.

ಆಮೇಲೆ ನಾನು ತಾರಸಿಗೆ ಹವಾಯಿ ಚಪ್ಪಲಿ ಹಾಕಿಕೊಂಡೇ ಹೋಗತೊಡಗಿದೆ. ಸಂಡಿಗೆ ಒಣಗುವ ಜಾಗದಲ್ಲಿ ಚಪ್ಪಲಿ! ನಿಮ್ಮ ಕಣ್ಣು ಕೆಂಪಾಯಿತು. "ಭದ್ರಾವತಿ ಫ್ಯಾಕ್ಟ್ರಿ ಕ್ವಾರ್ಟರ್ಸ್‌ನಲ್ಲಿ ಬೆಳ್ದೋಳಿಗೆ ಮಡಿ ಅಂದ್ರೇನು ಗೊತ್ತಿರುತ್ತೆ" ಎಂದಿರಿ, ಪಕ್ಕದ ಮನೆಯವರಿಗೂ ಕೇಳುವ ಹಾಗೆ.

ಆ ಬೆಳಿಗ್ಗೆ ನೀವು ಒದ್ದೆ ಮಡಿ ಸೀರೆಯಲ್ಲೇ, ಬರಿಗಾಲಲ್ಲಿ, ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿದಿರಿ. "ಅತ್ತೆ, ಪೈಪ್ ಮುಟ್ಬೇಡಿ" ಎಂದೆ. "ನೀ ನನ್ನ ಮುಟ್ಬೇಡ, ಅಷ್ಟು ಸಾಕು" ಎಂದಿರಿ. ನೀವು ನನಗೆ ಆಡಿದ ಕೊನೆಯ ಮಾತು ಅದು. ಸಂಡಿಗೆ ಇಟ್ಟು ಮುಗಿಸಿ, ಮಂಡಿನೋವಿಗೆ ಏಳಲಾಗದೆ, ಹಿಡಿದುಕೊಳ್ಳಲು ನಿಮಗೆ ಸಿಕ್ಕಿದ್ದು ಆ ಪೈಪೇ. ನಾನು ಮೇಲೆ ಬರುವಷ್ಟರಲ್ಲಿ... ಬೇಡ, ಅದನ್ನು ಬರೆಯುವುದಿಲ್ಲ. ನಾನು ಅಳಲಿಲ್ಲ ಎಂಬುದನ್ನು ಮಾತ್ರ ಬರೆಯುತ್ತೇನೆ.

ನಿಮ್ಮ ಕ್ರಿಯೆಗಳೆಲ್ಲ ಮುಗಿಯುವ ಮೊದಲೇ ಹೊಸ ಎಲೆಕ್ಟ್ರಿಷಿಯನ್ ಬಂದು ನೋಡಿದ. ಅಳಿಲು ಕಡಿದ ವೈರು ಪೈಪಿಗೆ ತಾಗಿತ್ತಂತೆ. ಗುಂಡಿಯೂ ಆ ಸ್ವಿಚ್ಚೂ ಇದ್ದಿದ್ದರೆ ನೀವು ಮುಟ್ಟುವ ಮೊದಲೇ ಎಲ್ಲ ಬಂದ್ ಆಗುತ್ತಿತ್ತಂತೆ. ಈಗ ಎರಡೂ ಇವೆ. ಹೆಣ ಬಿದ್ದ ಮೇಲೆ ತೋಡಿ ಎಂದಿದ್ದಿರಿ, ತೋಡಿದೆವು. ಅಷ್ಟು ವಿಧೇಯ ಮಗ ನಿಮ್ಮವರು. ನನ್ನ ಕೈ ಜುಮ್ಮೆಂದರೆ ಏಳದವರು ನಿಮ್ಮ ಹೆಣಕ್ಕೆ ಎದ್ದರು.

ವೈಕುಂಠ ಸಮಾರಾಧನೆಯ ದಿನ, ಊಟದ ಪಂಕ್ತಿಯ ನಡುವೆ, ನಿಮ್ಮ ಮಗಳು ಸುಮಾ ನನ್ನನ್ನು ನಿಲ್ಲಿಸಿ ಕೇಳಿದಳು, "ನೀನು ಚಪ್ಪಲಿ ಹಾಕ್ಕೊಂಡು ಓಡಾಡ್ತಿದ್ದೆ ಅಂದ್ರೆ ನಿಂಗೆ ಗೊತ್ತಿತ್ತು ಅಂತಾಯ್ತಲ್ಲ? ನಮ್ಮಮ್ಮಂಗೆ ಯಾಕೆ ಹೇಳ್ಲಿಲ್ಲ?" ನೆಂಟರೆಲ್ಲ ಕೈ ನಿಲ್ಲಿಸಿ ನೋಡಿದರು. ನಾನು ನಿಮ್ಮ ಮಗನ ಮುಖ ನೋಡಿದೆ. ಎಷ್ಟು ಸಲ ಹೇಳಿದ್ದೆ ಅವರಿಗೆ! ಅವರು ಎಲೆಯಿಂದ ತಲೆ ಎತ್ತದೆ ಅಂದರು, "ಅವ್ಳು ಸರಿಯಾಗಿ ಹೇಳ್ಬೇಕಿತ್ತು."

ನಾನು ಹೇಳಿದ್ದಕ್ಕೆ ಇನ್ನುಳಿದ ಒಂದೇ ಸಾಕ್ಷಿ ನೀವಾಗಿದ್ದಿರಿ ಅತ್ತೆ. ನೀವು ಬದುಕಿರಬೇಕಿತ್ತು ಎಂದು ನನಗೆ ಅನಿಸಿದ್ದು ಆಗ ಒಂದೇ ಸಲ. "ನಾಟ್ಕ ಆಡ್ತಿದ್ಲು" ಎಂದು ಬೈಯಲಾದರೂ.

ಬರುವ ತಿಂಗಳು ನಿಮ್ಮ ವರ್ಷಾಬ್ದಿಕ. ಅಡುಗೆ ನನ್ನದೇ, ಇನ್ಯಾರು ಮಾಡುತ್ತಾರೆ? ಸುಮಾ ಬರುತ್ತಾಳೆ, ಆ ನೆಂಟರೂ ಬರುತ್ತಾರೆ. ಎಲೆ ಹಾಕುವ ಮೊದಲು ಎಲ್ಲರ ಎದುರು ನಿಂತು, ನೀವು ಅಂದದ್ದು, ನಿಮ್ಮ ಮಗ ಮಾಡಿಸಿದ್ದು, ಒಂದನ್ನೂ ಬಿಡದೆ ಹೇಳುತ್ತೇನೆ. ಮುಗಿಯುವವರೆಗೆ ಒಂದು ಅಗುಳನ್ನೂ ಬಡಿಸುವುದಿಲ್ಲ. ಕಾಗೆಯಾಗಿ ಬಂದು ಗೋಡೆಯ ಮೇಲೆ ಕೂತಿದ್ದರೆ, ಹಸಿದುಕೊಂಡೇ ಕೇಳಿಸಿಕೊಳ್ಳಿ.

ನಿಮ್ಮ ಸೊಸೆ