ಒಂಬತ್ತನೇ ಗಂಟು

ಅತ್ತೆ,

ಹಾಲು ಕಾಯಿಸಿಟ್ಟಿದ್ದೀನಿ, ಸಾರು ರಾತ್ರಿಗೂ ಆಗುತ್ತೆ. ನಿಮ್ಮ ಬಿಪಿ ಮಾತ್ರೆ ಫ್ರಿಜ್ ಮೇಲಿದೆ, ಮರೀಬೇಡಿ. ಸೂಲಿಬೆಲೆಗೆ, ಅಮ್ಮನ ಮನೆಗೆ ಹೋಗ್ತಿದ್ದೀನಿ.

ಗುಟ್ಕಾ ಪೂರ್ತಿ ಬಿಡ್ತೀನಿ ಅಂತ ನಿಮ್ಮ ಮಗ ಶಿವಗಂಗೆಯಲ್ಲಿ ಎರಡು ಸಲ ಆಣೆ ಮಾಡಿ ಸೋತ್ರು. ಅದಕ್ಕೇ ಈ ಸಲ, ಮಧ್ಯಾಹ್ನದವರೆಗೆ ಮಾತ್ರ ಬಿಡಿ ಸಾಕು ಅಂದೆ. ಹಾಗೆ ನಡ್ಕೊಂಡ ದಿನ ಮಗ್ಗದ ಪಕ್ಕದ ಮೊಳೆಗೆ ನೇತುಹಾಕಿರೋ ಕೆಂಪು ನೂಲಿಗೆ ಅವರೇ ಒಂದು ಗಂಟು ಹಾಕ್ಬೇಕು ಅಂತ ಮಾತಾಗಿತ್ತು. ನಿನ್ನೆ ಇಪ್ಪತ್ತಾರು ಗಂಟು ಎಣಿಸಿ ಖುಷಿಗೆ ಪಾಯಸ ಮಾಡಿದೆ. ನೀವೂ ಎರಡು ಲೋಟ ಕುಡಿದ್ರಿ.

ಇವತ್ತು ನೂಲನ್ನ ಬೆಳಕಿಗೆ ಹಿಡಿದು ನೋಡಿದೆ. ಮೊದಲ ಎಂಟು ಗಂಟು ಸಡಿಲ, ಅವು ನಿಮ್ಮ ಮಗನವು. ಮಿಕ್ಕ ಹದಿನೆಂಟು ಬಿಗಿ, ಅವು ನಿಮ್ಮವು ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ, ಕಡಿದ ಎಳೆಗೆ ಗಂಟು ಹಾಕೋದನ್ನ ಕೈ ಹಿಡಿದು ಕಲಿಸಿದ್ದೇ ನೀವು. ನಿಮ್ಮ ಗಂಟು ನನಗೆ ಗೊತ್ತಾಗಲ್ವಾ?

ಅವರು ಸೋತಿದ್ದಕ್ಕೆ ನನಗೆ ಸಿಟ್ಟಿಲ್ಲ. ತಾಯಿ ಮಗ ಸೇರ್ಕೊಂಡು ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲ, ಅದನ್ನ ನುಂಗೋಕೆ ಆಗ್ತಿಲ್ಲ.

ನಿಮ್ಮ ಹದಿನೆಂಟನ್ನೂ ಕತ್ತರಿಸಿ ಈ ಚೀಟಿ ಕೆಳಗೆ ಇಟ್ಟಿದ್ದೀನಿ. ಅವರ ಎಂಟು ಗಂಟು ಇರೋ ನೂಲು ಮೊಳೆಯಲ್ಲೇ ಇದೆ. ಒಂಬತ್ತನೇದು ಅವರೇ ಹಾಕಿದ ದಿನ ಫೋನ್ ಮಾಡಿ, ಬರ್ತೀನಿ. ಸಡಿಲ ಇದ್ರೂ ಪರವಾಗಿಲ್ಲ.

ಅರುಣಾ