ಕಣ್ಣಾರೆ ಕಂಡದ್ದು ಮಾತ್ರ

ಮನೆಯಿಂದ
ಜೂನ್ ೧೪, ಭಾನುವಾರ, ಊಟವಾದ ಮೇಲೆ

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ನೀನು ಕಟ್ಟಿಸುತ್ತಿರುವ ಆ ಸೇತುವೆಯನ್ನೇ ನೋಡುತ್ತಾ ಹೊಟ್ಟೆ ತುಂಬಿಸಿಕೊಳ್ಳುತ್ತೀಯೋ? ನಾವೆಲ್ಲ ಕ್ಷೇಮ. ಕ್ಷೇಮ ಎಂದ ಕೂಡಲೇ ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಅಜ್ಜಿ ಹಾಸಿಗೆ ಹಿಡಿದಾಗಲೂ ಎಲ್ಲರೂ ನಿನಗೆ ಫೋನಿನಲ್ಲಿ ಹೀಗೇ ಹೇಳಿದ್ದರು, ನೀನು ಬಂದು ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಅದಕ್ಕೇ ಈ ಸಲ, ಅಪ್ಪನಿಗೆ ಲಕ್ವ ಹೊಡೆದಾಗಿನಿಂದ, ನನ್ನನ್ನು ಹಿಡಿದುಕೊಂಡಿದ್ದೀಯ. "ಅಪ್ಪ ನಿಜವಾಗ್ಲೂ ನಡೀತಿದ್ದಾರಾ? ಕಾಗದದಲ್ಲಿ ಬರಿ ಅಕ್ಕಾ, ಕಾಗದದಲ್ಲಿ ನಿಂಗೆ ಸುಳ್ಳು ಬರಲ್ಲ. ಇಲ್ಲ ಅಂದ್ರೆ ಕೆಲಸ ಅರ್ಧಕ್ಕೆ ಬಿಟ್ಟು ಬಂದ್ಬಿಡ್ತೀನಿ" ಎಂದೆಯಲ್ಲ, ಅಂದಿನಿಂದ ಅದೇ ಯೋಚನೆ.

ಕೇಳಿದ್ದೂ ಸರಿಯಾದವಳನ್ನೇ ಬಿಡು. ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದನ್ನು ಟೈಪ್ ಮಾಡಿಯೇ ನನ್ನ ತಲೆ ಅರ್ಧ ನೆರೆತಿದೆ. ಸಾಕ್ಷ್ಯ ಎಂದರೆ ತಮಗೆ ಗೊತ್ತಿರುವುದೆಲ್ಲ ಎಂದು ಜನ ತಿಳಿದು ಬರುತ್ತಾರೆ. ನಮ್ಮ ಜಡ್ಜ್ ಸಾಹೇಬರ ಪ್ರಕಾರ ಅದು ಬಹಳ ಚಿಕ್ಕದು: ನಿನ್ನ ಕಣ್ಣು ಕಂಡದ್ದು, ನಿನ್ನ ಕಿವಿ ಕೇಳಿದ್ದು, ಅಷ್ಟೇ. ಹೋದ ವಾರ ಕ್ಷೌರದವರೊಬ್ಬರು ಬಂದಿದ್ದರು, ಅವರ ಅಂಗಡಿ ಮುಂದೆ ಸ್ಕೂಟರ್ ಅಪಘಾತ. "ತಪ್ಪು ಸ್ಕೂಟರಿನವನದೇ ಸ್ವಾಮಿ, ಇಡೀ ಬೀದಿಗೇ ಗೊತ್ತು" ಎಂದರು. "ಬೀದಿಗೆ ಗೊತ್ತಿರೋದನ್ನ ಬೀದಿ ಬಂದು ಹೇಳ್ಲಿ. ನೀವೇನು ಕಂಡ್ರಿ?" ಎಂದರು ಸಾಹೇಬರು. ಪಾಪ, ತಲೆ ಕೆರೆದುಕೊಂಡು, "ಸದ್ದಾಯ್ತು, ತಿರುಗಿದೆ, ಸ್ಕೂಟರ್ ಬಿದ್ದಿತ್ತು. ಅಲ್ಲೀವರೆಗೂ ನನ್ನ ಕಣ್ಣು ಗಿರಾಕಿ ಗಲ್ಲದ ಮೇಲಿತ್ತು" ಎಂದರು. ನಾನು ಅಷ್ಟನ್ನೇ ಟೈಪ್ ಮಾಡಿದೆ.

ಈ ರೋಗ ನನ್ನ ಜೊತೆ ಮನೆಗೂ ಬಂದಿದೆ. ಎದುರುಮನೆಯವರು ಮನೆ ಮಾರುತ್ತಾರಂತೆ ಎಂದು ಅಮ್ಮ ಬಾಯಿ ತೆಗೆದರೆ ಸಾಕು, ನೀನು ಕಂಡೆಯಾ ಎನ್ನುತ್ತೇನೆ. "ನಿನ್ನ ಕೋರ್ಟನ್ನ ಚಪ್ಪಲಿ ಜೊತೆ ಹೊರಗೇ ಬಿಟ್ಟು ಬಾ" ಎಂದು ಬೈಸಿಕೊಳ್ಳುತ್ತೇನೆ. ಅಮ್ಮನ ಪ್ರಕಾರ ಅಪ್ಪ ದಿನಾ ಗೇಟಿನವರೆಗೆ ನಡೆದು ಬರುತ್ತಾರೆ, ಅದಕ್ಕೆ ದೇವರೇ ಸಾಕ್ಷಿ. ದೇವರಿಗೆ ಸಮನ್ಸ್ ಕಳಿಸುವ ಏರ್ಪಾಡು ನಮ್ಮಲ್ಲಿಲ್ಲವಲ್ಲ! ನಾನು ಮನೆ ಸೇರುವಷ್ಟರಲ್ಲಿ ಅಪ್ಪ ಕುರ್ಚಿಯಲ್ಲಿ, ಮುಖಕ್ಕೆ ಪೇಪರ್. ನಡೆಯಿರಿ ನೋಡೋಣ ಎಂದರೆ, "ಬಸ್ಸು ಡಿಪೋ ಸೇರಾಯ್ತು, ನಾಳೆ ಬಾ" ಎನ್ನುತ್ತಾರೆ. ಅಷ್ಟು ವರ್ಷ ಬಸ್ಸು ಓಡಿಸಿದವರು, ಬ್ರೇಕ್ ಒತ್ತಿದ ಬಲಗಾಲೇ ಕೈಕೊಟ್ಟಿದೆ. ಅದನ್ನು ಎಳೆಯುವುದು ಮಗಳ ಕಣ್ಣಿಗೆ ಬೀಳಬಾರದೆಂಬ ಬಿಗುಮಾನ ಇರಬೇಕು. ಇದು ನನ್ನ ಊಹೆ, ಸಾಕ್ಷ್ಯವಲ್ಲ.

ಹಾಗಾಗಿ ನನ್ನ ಹೇಳಿಕೆ ಇಷ್ಟು. ಅಪ್ಪ ಎರಡು ಸಲ ಬಡಿಸಿಕೊಂಡು ಊಟ ಮಾಡುವುದನ್ನು ಕಂಡಿದ್ದೇನೆ. ಬಲಗೈಯಲ್ಲೇ ಲೋಟ ಎತ್ತುತ್ತಾರೆ, ಚೆಲ್ಲುವುದಿಲ್ಲ. ಮಾತು ಸ್ಪಷ್ಟ, ಬೈಗುಳ ಇನ್ನೂ ಸ್ಪಷ್ಟ. ನನ್ನೆದುರು ಏಳುವುದು ಮಾತ್ರ ಅಮ್ಮನ ಹೆಗಲು ಹಿಡಿದೇ. ಅವರು ತಾವಾಗಿ ನಡೆಯುವುದನ್ನು ನಾನು ಕಂಡಿಲ್ಲ. ಇದನ್ನು ಬರೆಯಲು ಕೈಯೇ ಬರಲಿಲ್ಲ ಕಣೋ. ಓದಿದ ಕೂಡಲೇ ನೀನು ಬ್ಯಾಗು ಎತ್ತಿಕೊಳ್ಳುತ್ತೀಯ, ಇಷ್ಟಪಟ್ಟು ಹಿಡಿದ ಕೆಲಸ ಇನ್ನೊಬ್ಬರ ಪಾಲಾಗುತ್ತದೆ. ಆದರೂ ಕಾಣದ್ದನ್ನು ಕಂಡೆ ಎನ್ನಲಾರೆ.

ಕೋರ್ಟಿನಲ್ಲಿ ಹೇಳಿಕೆಯನ್ನು ಓದಿ ಹೇಳಿ, ಸರಿ ಎಂದ ಮೇಲೇ ಸಹಿ. ಇದನ್ನೂ ಅಮ್ಮನಿಗೆ ಓದಿ ಹೇಳಿ ನಾಳೆ ಅಂಚೆಗೆ ಹಾಕುತ್ತೇನೆ. ಅವಳ ಆಶೀರ್ವಾದ ನಿನಗೆ ಯಾವತ್ತೂ ಇದ್ದದ್ದೇ. ತಲೆಗೆ ಎಣ್ಣೆ ಹಚ್ಚಿಕೋ, ಎತ್ತರದಲ್ಲಿ ಹುಷಾರು.

ನಿನ್ನ
ಅಕ್ಕ

ತಾ.ಕ.: ತಡಿ, ತಡಿ! ಅಡುಗೆಮನೆಯಲ್ಲಿ ಅಮ್ಮನಿಗೆ ಓದುತ್ತಿದ್ದೆ. "ನಾನು ಕಂಡಿಲ್ಲ" ಎನ್ನುವಲ್ಲಿಗೆ ಬರುತ್ತಲೇ ನಡುಮನೆಯಿಂದ ಅಪ್ಪನ ಡ್ರೈವರ್ ದನಿ: "ಏಯ್, ಅದನ್ನ ಹೊಡೆದುಹಾಕು!" ಕುರ್ಚಿ ಕಿರುಗುಟ್ಟಿತು. ನೋಡಿದರೆ ಅಪ್ಪ ಒಬ್ಬರೇ ಬರುತ್ತಿದ್ದಾರೆ. ಅಮ್ಮ ಸೌಟು ಹಿಡಿದು ಹಾಗೇ ನಿಂತಳು. ಬಲಗಾಲು ಎಳೆಯುತ್ತದೆ, ನಿಜ. ಆದರೂ ಬಂದರು, ಒಲೆಯವರೆಗೂ ಬಂದರು. ಬಾಗಿಲ ಚೌಕಟ್ಟನ್ನು ಒಮ್ಮೆ ಹಿಡಿದುಕೊಂಡರು. ಅದನ್ನು ಬರೆಯದೆ ಬಿಟ್ಟುಬಿಡೋಣವೆಂದಿದ್ದೆ, ಅವರೇ ಬಿಡಲಿಲ್ಲ: "ಹಿಡ್ಕೊಂಡಿದ್ದನ್ನೂ ಬರಿ. ನಾಳೆ ಅವನು ಬಂದು ನೋಡಿದ್ರೆ ನೀನು ಸುಳ್ಳು ಸಾಕ್ಷಿ ಆಗ್ಬಾರ್ದು." ನನಗೆ ಅಳು ಬಂತು ಕಣೋ, ಅಕ್ಷರ ಅಂಕುಡೊಂಕಾಗಿದ್ದರೆ ಅದಕ್ಕೇ. ಬರುವುದೋ ಬಿಡುವುದೋ, ತೀರ್ಪು ನಿನ್ನದು. ಅಪ್ಪ ಮಾತ್ರ ಹೀಗೆಂದರು: "ಸೇತುವೆ ಮುಗಿಸ್ಕೊಂಡೇ ಬರ್ಲಿ. ಗೇಟ್ ತೆಗೆಯೋಕೆ ನಾನೇ ಬರ್ತೀನಿ." ಇದು ಅಂತೆಕಂತೆಯಲ್ಲ, ನಾನೇ ಕಿವಿಯಾರೆ ಕೇಳಿದ್ದು.