ಮೂರು ಬೆರಳಿನ ವಾದ

ಮನೆಯಿಂದ,
ಜೂನ್ ಹನ್ನೆರಡು

ನಮ್ಮ ವಕೀಲಮ್ಮನ ಅಮ್ಮನಿಗೆ,

ಕ್ಷೇಮವೇ? ತವರಿನಲ್ಲಿ ಎರಡು ತುತ್ತಾದರೂ ಉಣ್ಣುತ್ತಿದ್ದೀಯೆಂದು ನಿನ್ನ ತಮ್ಮ ತಿಳಿಸಿದ. ಸದ್ಯಕ್ಕೆ ಅಷ್ಟು ಸಾಕು. ನಾನು ಗಟ್ಟಿಯಾಗಿದ್ದೇನೆ.

ನಿನ್ನೆಯೂ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗಳನ್ನು ಕಳೆದುಕೊಂಡವನನ್ನು ನೋಡಲು ಬಂದವರಿಗೆಲ್ಲ ಎದ್ದುನಿಂತು ಕೃತಜ್ಞತೆ ಸಲ್ಲಿಸಿದೆ. ಅವರು ತಂದ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆನೆಂದೆ. "ಆಯಸ್ಸು ಐದೇ ವರ್ಷ ಇತ್ತು ಕಣಪ್ಪಾ" ಎಂದರು ದೊಡ್ಡಪ್ಪ. "ಆಯಸ್ಸಿನ ಮೇಲೆ ತಪ್ಪು ಹೊರಿಸಬೇಡಿ, ಅದಕ್ಕೆ ಬಾಯಿಲ್ಲ" ಎಂದೆ. "ಇವನಿಗೆ ಸಾವಿನ ಮನೇಲೂ ಚರ್ಚಾಸ್ಪರ್ಧೆ!" ಎಂದು ಅಣ್ಣ ಗೊಣಗಿದ. ಕಾಲೇಜಿನಲ್ಲಿ ನಾನು ಗೆದ್ದ ಫಲಕಗಳು ಅವನ ತಲೆಯ ಮೇಲೆಯೇ ಗೋಡೆಗೆ ನೇತಾಡುತ್ತಿದ್ದವು.

ಮೊನ್ನೆ ಮಕ್ಕಳ ಡಾಕ್ಟರರಿಂದ ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿಕೊಂಡೆ. ಯಾವುದು ಕೆಣಕಿತೋ ಅವರಿಗೂ ತಿಳಿಯದು. ಮೈಯ ರಕ್ಷಣಾ ಕಣಗಳು ಎದ್ದವು, ಏಳಬೇಕಾದ್ದೇ. ಆದರೆ ಅಡಗಬೇಕಾದಾಗ ಅಡಗಲಿಲ್ಲ. ತಾವು ಕಾಯಬೇಕಾದ ರಕ್ತನಾಳಗಳ ಗೋಡೆಗೇ ನುಗ್ಗಿ ಉರಿಯೂತ ಎಬ್ಬಿಸಿದವು. ಬೇಲಿಯೇ ಎದ್ದು ಹೊಲ ಮೇಯಿತು. ಹೃದಯಕ್ಕೆ ರಕ್ತ ಒಯ್ಯುವ ನಾಳ ಉಬ್ಬಿತು, ಉಬ್ಬಿದಲ್ಲಿ ರಕ್ತ ಹೆಪ್ಪುಗಟ್ಟಿತು. ಎದುರಾಳಿ ಕುಳಿತ ಮೇಲೂ ಮಾತು ನಿಲ್ಲಿಸದವರನ್ನು ನಾನು ಬಲ್ಲೆ. ಜ್ವರ ಬಂದ ಹತ್ತು ದಿನದೊಳಗೆ ಕರೆತಂದಿದ್ದರೆ, ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಡ್ರಿಪ್‌ನಲ್ಲಿ ಕೊಟ್ಟು ಆ ಉರಿಯನ್ನು ಬಹುಮಟ್ಟಿಗೆ ತಣಿಸಬಹುದಿತ್ತಂತೆ.

ಐದನೆಯ ದಿನ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ರೀ, ಇದು ಬರೀ ಜ್ವರ ಅಲ್ಲ. ನಾಲಿಗೆ ನೋಡಿ, ಕೆಂಪಗೆ ಕಾಳುಕಾಳಾಗಿದೆ. ಆಸ್ಪತ್ರೆಗೆ ಹೋಗೋಣ" ಎಂದೆ. ನಾನು ವಾಡಿಕೆಯಂತೆ ಮೂರು ಬೆರಳೆತ್ತಿದೆ: ಕಣ್ಣು ಕೆಂಪಾದದ್ದು ಧೂಳಿಗೆ, ದದ್ದು ಸೆಕೆಗೆ, ನಾಲಿಗೆ ಪೆಪ್ಪರಮೆಂಟಿಗೆ. ನೀನು ಒದ್ದೆ ಬಟ್ಟೆ ಹಿಂಡಿ ಮಗಳ ಹಣೆಗಿಟ್ಟೆ. ಒಂಬತ್ತನೆಯ ದಿನ ಜ್ವರ ತಾನಾಗಿ ಇಳಿದಾಗ "ನೋಡಿದ್ಯಾ?" ಎಂದೆ. ಆಗಲೂ ಒಂದು ದಿನ ಉಳಿದಿತ್ತು. ಆಮೇಲೆ ಬೆರಳ ತುದಿಗಳಲ್ಲಿ ಚರ್ಮ ಸುಲಿಯತೊಡಗಿದಾಗ ವಕೀಲಮ್ಮ ನಿನ್ನ ಪಕ್ಷ ವಹಿಸಿದಳು, ಆ ಬೆರಳನ್ನೇ ನನ್ನ ಮೂಗಿನ ಮುಂದೆ ಹಿಡಿದು, "ಅಪ್ಪಾ, ಸೋತೆ ಅಂತ ಒಪ್ಕೋ!" ಎಂದಳು. ನಕ್ಕೆ, ಒಪ್ಪಲಿಲ್ಲ. ಮುಂದಿನ ವಾರ ಶಾಲೆಯ ಮೆಟ್ಟಿಲ ಮೇಲೆ ಕುಸಿದಳು.

ಕೇಳಿದವರಿಗೆಲ್ಲ "ಯಾರಿಗೂ ಗೊತ್ತಾಗ್ಲಿಲ್ಲ" ಎಂದು ಹೇಳಿ ನೀನು ನನ್ನನ್ನು ಸೆರಗಿನಲ್ಲಿ ಮುಚ್ಚಿಟ್ಟೆ. ತವರಿಗೆ ಹೊರಡುವಾಗಲೂ ನೀನೇ, "ಆ ಆಸ್ಪತ್ರೆ ಮಾತು ನಮ್ಮಿಬ್ಬರಲ್ಲೇ ಇರ್ಲಿ" ಎಂದೆ. ನಿನ್ನ ಕರುಣೆ ದೊಡ್ಡದು. ಅದನ್ನೂ ಹಿಂದಿರುಗಿಸುತ್ತಿದ್ದೇನೆ.

ಅತ್ತೆಯವರಿಗೆ ನಮಸ್ಕಾರಗಳು. ನಿನ್ನ ತಮ್ಮನಿಗೆ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅವಳ ಅಪ್ಪ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಶನಿವಾರ ಶಾಲೆಯಲ್ಲಿ ಪೋಷಕರ ಸಭೆ. ನಾನು ವೇದಿಕೆ ಹತ್ತುತ್ತೇನೆ. ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಐದು ದಿನ ಬಿಡದ ಜ್ವರ, ಕೆಂಪು ಕಣ್ಣು, ದದ್ದು, ಕಾಳುಗಟ್ಟಿದ ನಾಲಿಗೆ ಕಂಡರೆ ಮನೆಯಲ್ಲಿ ಯಾರ ವಾದವನ್ನೂ ಕೇಳದೆ ಆಸ್ಪತ್ರೆಗೆ ಓಡಿ ಎನ್ನುತ್ತೇನೆ. ಇವಳ ತಾಯಿ ಹೇಳಿದ್ದಳು, ತಡೆದವನು ನಾನು ಎನ್ನುತ್ತೇನೆ. ಆಮೇಲೆ, ಅವಳ ಶಾಲೆಯಲ್ಲಿ, ಎಲ್ಲರೆದುರು, ಸೋತೆ ಎಂದು ಒಪ್ಪಿಕೊಳ್ಳುತ್ತೇನೆ.